ಘಟ್ಟ ಹತ್ತಿ ದುರ್ಗಕ್ಕೆ ಹೋಗುವ ಮುನ್ನ: ಜೀವನ ವೆಚ್ಚದ ಲೆಕ್ಕ

"ಫಾದರ್, ಚಿತ್ರದುರ್ಗಕ್ಕೆ ವರ್ಗವಾಗಿದೆ. ಅಲ್ಲಿ ಬಾಡಿಗೆ ಕಡಿಮೆಯಂತೆ, ಹೌದಾ?" ಊರು ಬಿಡುವ ಮುನ್ನ ಧರ್ಮಕೇಂದ್ರದ ಪತ್ರ ಪಡೆಯಲು ಬರುವವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. ಉತ್ತರವೂ ಸುಲಭ: ಹೌದು, ಮಂಗಳೂರು ನಗರಕ್ಕೆ ಹೋಲಿಸಿದರೆ ಕಡಿಮೆಯೇ. ಆದರೆ ಬಾಡಿಗೆಯೊಂದನ್ನೇ ಕೇಳಿ ಸಾಮಾನು ಕಟ್ಟಿದವರು ಆರು ತಿಂಗಳ ಬಳಿಕ ಊರಿಗೆ ಬಂದಾಗ ಹೇಳುವ ಮಾತು ಬೇರೆ. "ಬಾಡಿಗೆಯಲ್ಲಿ ಉಳಿದದ್ದು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ ಫಾದರ್."

ಶಿಕ್ಷಕರು, ದಾದಿಯರು, ಬ್ಯಾಂಕ್ ನೌಕರರು, ಸರಕಾರಿ ಉದ್ಯೋಗಿಗಳು, ಸಂಸ್ಥೆಗಳಲ್ಲಿ ದುಡಿಯುವವರು ಹೀಗೆ ಕರಾವಳಿಯ ಜನ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೆ ಹೋಗಿ ನೆಲೆಸುವುದುಂಟು. ಹೊರಡುವವರಿಗೂ, ಅವರನ್ನು ನೇಮಿಸುವ ಆಡಳಿತ ಮಂಡಳಿಗಳಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

ಜೀವನ ವೆಚ್ಚ ಎಂದರೇನು?

ಇಲ್ಲಿ ಬದುಕುವ ಹಾಗೆಯೇ ಅಲ್ಲಿಯೂ ಬದುಕಲು ತಿಂಗಳಿಗೆ ಎಷ್ಟು ಹಣ ಬೇಕು, ಅದೇ ಜೀವನ ವೆಚ್ಚ. ಕೇಂದ್ರ ಸರಕಾರದ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ 2022-23ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 4,397 ರೂಪಾಯಿ, ಪಟ್ಟಣಗಳಲ್ಲಿ 7,666 ರೂಪಾಯಿ. ನಾಲ್ಕು ಮಂದಿಯ ಮನೆಗೆ ಲೆಕ್ಕ ಹಾಕಿದರೆ ಹಳ್ಳಿಯಲ್ಲಿ ಹದಿನೇಳೂವರೆ ಸಾವಿರ, ಪಟ್ಟಣದಲ್ಲಿ ಮೂವತ್ತು ಸಾವಿರದ ಮೇಲೆ. ಪಟ್ಟಣದ ಸರಾಸರಿಯಲ್ಲಿ ಬೆಂಗಳೂರು ಸೇರಿರುವುದರಿಂದ ಅದು ಮೇಲಕ್ಕೆ ಎಳೆದಿರುತ್ತದೆ. ಚಿತ್ರದುರ್ಗದಂತಹ ಊರಿನ ಲೆಕ್ಕ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ ಎಂದು ತಿಳಿದರೆ ಸಾಕು.

ಆದರೆ ಇಂತಹ ಸರಾಸರಿಯಲ್ಲಿ ನಮ್ಮ ಮನೆಯ ಲೆಕ್ಕ ಕಾಣಿಸುವುದಿಲ್ಲ. ಕರಾವಳಿಯ ಮನೆಗಳಲ್ಲಿ ಅನೇಕ ವಸ್ತುಗಳಿಗೆ ಬಿಲ್ಲೇ ಇಲ್ಲ. ಬಾವಿಯ ನೀರು, ಹಿತ್ತಿಲಿನ ತೆಂಗಿನಕಾಯಿ, ಬಸಳೆ, ನುಗ್ಗೆ, ಹಲಸು, ಬಚ್ಚಲ ಒಲೆಗೆ ಮಡಲು. ಮಗು ನೋಡಿಕೊಳ್ಳಲು ಅಜ್ಜಿ, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯಲು ಬಾವ. ಘಟ್ಟ ಹತ್ತಿದ ದಿನದಿಂದ ಇವೆಲ್ಲಕ್ಕೂ ಬೆಲೆ ಬರುತ್ತದೆ. ನಗರದ ಫ್ಲ್ಯಾಟಿನಲ್ಲಿ ಇದ್ದವರಿಗೆ ಈ ವ್ಯತ್ಯಾಸ ಸ್ವಲ್ಪ, ಹಳ್ಳಿಯ ಸ್ವಂತ ಮನೆಯಿಂದ ಹೊರಟವರಿಗೆ ಬಹಳ.

ನಾಲ್ಕು ಊರುಗಳ ಪರಿಚಯ

ಚಿತ್ರದುರ್ಗ ಜಿಲ್ಲಾ ಕೇಂದ್ರ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಒಂದೂವರೆ ಲಕ್ಷದೊಳಗೇ ಇತ್ತು. ಬೆಂಗಳೂರಿಗೆ ಸುಮಾರು 200 ಕಿ.ಮೀ. ಹಿರಿಯೂರು ಬೆಂಗಳೂರಿನ ಕಡೆಗೆ 40 ಕಿ.ಮೀ. ಮುಂದೆ ಇದೆ. ಬೆಂಗಳೂರು–ಪುಣೆ ಹೆದ್ದಾರಿಯೂ ಬಳ್ಳಾರಿ ಕಡೆಯ ರಸ್ತೆಯೂ ಸೇರುವ ಜಾಗವಾದ್ದರಿಂದ ಅಲ್ಲಿ ರಾತ್ರಿಯೂ ಬಸ್ಸು ಸಿಗುತ್ತದೆ. ಹೊಳಲ್ಕೆರೆ ಶಿವಮೊಗ್ಗದ ದಾರಿಯಲ್ಲಿದೆ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಆ ತಾಲೂಕಿನಲ್ಲೇ ಹಾದುಹೋಗುತ್ತದೆ, ಚಿಕ್ಕಜಾಜೂರು ಜಂಕ್ಷನ್ ಕೂಡ ಅಲ್ಲಿಯೇ. ಹೊಸದುರ್ಗ ತೆಂಗು, ಅಡಿಕೆ, ದಾಳಿಂಬೆಯ ಊರು, ಕಡೂರು ಕಡೆಯಿಂದ ಹತ್ತಿರ.

ಹೊಸದುರ್ಗದ ಬಗ್ಗೆ ಒಂದು ಮಾತು. ಕರಾವಳಿಯಲ್ಲಿ ಹೊಸದುರ್ಗ ಎಂದರೆ ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ಹೊಸದುರ್ಗ ನೆನಪಿಗೆ ಬರುತ್ತದೆ. ಪಾರ್ಸೆಲ್ ಕಳುಹಿಸುವಾಗ, ನೇಮಕಾತಿ ಪತ್ರ ಓದುವಾಗ ಜಿಲ್ಲೆಯ ಹೆಸರು ನೋಡಿಕೊಳ್ಳಿ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಪಿನ್ 577527.

ಬಾಡಿಗೆ, ಮುಂಗಡ, ಭತ್ಯೆ

ನಾಲ್ಕು ಊರುಗಳಲ್ಲಿ ಬಾಡಿಗೆ ಹೆಚ್ಚು ಇರುವುದು ಚಿತ್ರದುರ್ಗ ನಗರದಲ್ಲಿ. ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಬಾಡಿಗೆ ಇಳಿಯುತ್ತದೆ, ಆದರೆ ಆಯ್ಕೆಯೂ ಇಳಿಯುತ್ತದೆ. ಸಣ್ಣ ಊರಿನಲ್ಲಿ ಬಾಡಿಗೆಗೆಂದೇ ಕಟ್ಟಿದ ಮನೆಗಳು ಕಡಿಮೆ. ಮನೆ ಮಾಲೀಕರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಊಟದ ವಿಷಯವೂ ಒಂದು. ಮೀನು ಮಾಂಸ ಬೇಯಿಸುವವರಿಗೆ ಮನೆ ಕೊಡದ ಬೀದಿಗಳಿವೆ. ಇದನ್ನು ಮರೆಮಾಚಿ ಮನೆ ಹಿಡಿದರೆ ಎರಡು ತಿಂಗಳಲ್ಲಿ ಮತ್ತೆ ಸಾಮಾನು ಸಾಗಿಸುವ ಖರ್ಚು ಬರುತ್ತದೆ. ಮೊದಲೇ ಹೇಳಿಬಿಡುವುದು ಲೇಸು.

ಮುಂಗಡ ಎಷ್ಟು ತಿಂಗಳದ್ದು ಎಂಬುದು ಚೌಕಾಸಿಯ ವಿಷಯ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆಯಾದರೂ ಅದು ರಾಜ್ಯಗಳಿಗೆ ತೋರಿಸಿದ ಮಾದರಿ ಮಾತ್ರ. ಅದನ್ನು ಹಿಡಿದು ಮಾಲೀಕರೊಡನೆ ವಾದಿಸಿ ಪ್ರಯೋಜನವಿಲ್ಲ. ಭೋಗ್ಯಕ್ಕೆ ಮನೆ ಕೊಡುವ ಪದ್ಧತಿಯೂ ಇದೆ. ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ಹಿಂದಕ್ಕೆ ಪಡೆಯುವುದು. ಕೇಳಲು ಹಿತವಾಗಿದೆ. ಆದರೆ ಆ ಮನೆ ಬ್ಯಾಂಕಿನಲ್ಲಿ ಅಡವಿದ್ದರೆ ನಿಮ್ಮ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಉಪನೋಂದಣಿ ಕಚೇರಿಯಿಂದ ಇ.ಸಿ. ಎಂದು ಕರೆಯುವ ಋಣಭಾರ ಪತ್ರ ತೆಗೆಸದೆ, ಬರಹದ ಕರಾರು ಇಲ್ಲದೆ ಭೋಗ್ಯಕ್ಕೆ ಹಣ ಕೊಡಬೇಡಿ. ಗಲ್ಫಿನಲ್ಲಿ ದುಡಿದ ಹಣ ಹೀಗೆ ಕೊಡುವವರು ವಿಶೇಷವಾಗಿ ಗಮನಿಸಬೇಕು.

ಸರಕಾರಿ ನೌಕರರಿಗೆ ಇನ್ನೊಂದು ಲೆಕ್ಕ ಇದೆ. ತುಟ್ಟಿಭತ್ಯೆಯ ದರ ರಾಜ್ಯಕ್ಕೆಲ್ಲ ಒಂದೇ. ಊರು ನೋಡಿ ಬದಲಾಗುವುದು ಮನೆ ಬಾಡಿಗೆ ಭತ್ಯೆ. 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಈ ಭತ್ಯೆ ಮೂಲ ವೇತನದ ಶೇ. 20, ಶೇ. 15 ಮತ್ತು ಶೇ. 7.5 ಎಂದು ಮೂರು ದರ್ಜೆಗಳಲ್ಲಿದೆ. ಮಂಗಳೂರು ನಡುವಿನ ದರ್ಜೆಯ ನಗರ, ಚಿತ್ರದುರ್ಗ ಕೊನೆಯ ದರ್ಜೆ. ಮೂಲ ವೇತನ 50,000 ರೂಪಾಯಿ ಇರುವವರಿಗೆ ಮಂಗಳೂರಿನಲ್ಲಿ 7,500 ಸಿಗುತ್ತಿದ್ದರೆ ದುರ್ಗದಲ್ಲಿ 3,750. ಅಂದರೆ ಬಾಡಿಗೆ ಕಡಿಮೆಯಾಗುವ ಮುನ್ನವೇ ಕೈಗೆ ಬರುವ ಹಣ 3,750 ರೂಪಾಯಿ ಕಡಿಮೆ. ಬೆಳ್ತಂಗಡಿ, ಕುಂದಾಪುರದಂತಹ ಊರುಗಳಿಂದ ಹೋಗುವವರು ಈಗಾಗಲೇ ಕೊನೆಯ ದರ್ಜೆಯಲ್ಲಿ ಇರುವುದರಿಂದ ಅವರಿಗೆ ಈ ನಷ್ಟವಿಲ್ಲ.

ನೀರು

ನಮ್ಮವರು ಕೇಳಲು ಮರೆಯುವುದು ಇದನ್ನೇ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ವಾಡಿಕೆ ಮಳೆ 600 ಮಿ.ಮೀ.ಯನ್ನೂ ಮುಟ್ಟುವುದಿಲ್ಲ. ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಪೂರ್ಣವಾಯಿತು. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಅದು ತುಂಬಿ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು. ಪ್ರತಿ ಜೂನ್‌ನಲ್ಲಿ ಬಾವಿ ತುಂಬುವುದನ್ನು ನೋಡಿ ಬೆಳೆದ ನಮಗೆ 89 ವರ್ಷ ಎಂಬುದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕು. ಹಿರಿಯೂರು ಮತ್ತು ಚಿತ್ರದುರ್ಗ ನಗರಗಳಿಗೆ ಕುಡಿಯುವ ನೀರು ಬರುವುದು ಈ ಜಲಾಶಯದಿಂದ. ಚಿತ್ರದುರ್ಗಕ್ಕೆ ಚನ್ನಗಿರಿ ತಾಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದ ನೀರೂ ಬರುತ್ತದೆ.

ನಲ್ಲಿಯ ನೀರು ಎಲ್ಲ ಬಡಾವಣೆಗಳಿಗೆ ದಿನವೂ ಬರುವುದಿಲ್ಲ. ಬಂದ ದಿನ ಹಿಡಿದಿಟ್ಟುಕೊಳ್ಳಬೇಕು. ಆದ್ದರಿಂದ ಮನೆ ನೋಡುವಾಗ ಕೋಣೆ ಎಷ್ಟು ಎಂದು ಕೇಳುವ ಮೊದಲು ಸಂಪು ಇದೆಯೇ, ಎಷ್ಟು ಲೀಟರ್ ಹಿಡಿಯುತ್ತದೆ, ಮಾಳಿಗೆಯ ಮೇಲಿನ ಸಿಂಟೆಕ್ಸ್ ನಿಮಗೊಬ್ಬರಿಗೋ ಮೂರು ಮನೆಗೆ ಸೇರಿಯೋ, ಬೋರ್‌ವೆಲ್ ಇದ್ದರೆ ಏಪ್ರಿಲ್‌ನಲ್ಲಿಯೂ ನೀರು ಏಳುತ್ತದೆಯೋ ಎಂದು ಕೇಳಿ. ಸಂಪಿಲ್ಲದ ಅಗ್ಗದ ಮನೆಗಿಂತ ಸಂಪಿರುವ ಮನೆ ಸಾವಿರ ರೂಪಾಯಿ ದುಬಾರಿಯಾದರೂ ಕೊನೆಗೆ ಅದೇ ಲಾಭ. ಏಕೆಂದರೆ ನೀರು ತಪ್ಪಿದರೆ ಟ್ಯಾಂಕರ್ ತರಿಸಬೇಕು. ಟ್ಯಾಂಕರ್ ದರ ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದು. ಸಂಪೇ ಇಲ್ಲದಿದ್ದರೆ ಟ್ಯಾಂಕರ್ ಬಂದರೂ ನೀರು ತುಂಬಿಸುವುದೆಲ್ಲಿ?

ಕುಡಿಯುವ ನೀರಿನ ವಿಷಯ ಖರ್ಚಿಗಿಂತ ದೊಡ್ಡದು. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ದೊಡ್ಡವರಲ್ಲಿ ಕೀಲು ಮೂಳೆಗಳ ತೊಂದರೆ ಕಾಣಿಸಿಕೊಳ್ಳುತ್ತದೆ. ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ, ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ.

ಅದಕ್ಕೇ ಅಲ್ಲಿ ಬೀದಿಗೊಂದು ಶುದ್ಧ ಕುಡಿಯುವ ನೀರಿನ ಘಟಕ ಕಾಣುತ್ತದೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ, ಸಾಮಾನ್ಯವಾಗಿ 5 ರೂಪಾಯಿಗೆ. ಅಲ್ಲಿಯವರು ಇದನ್ನು ಫಿಲ್ಟರ್ ನೀರು ಎನ್ನುತ್ತಾರೆ. ದಿನಕ್ಕೊಂದು ಕ್ಯಾನ್ ಎಂದರೆ ತಿಂಗಳಿಗೆ 150 ರೂಪಾಯಿ. ಇದು ದೊಡ್ಡ ಮೊತ್ತವಲ್ಲ. ಆದರೆ ಕ್ಯಾನ್ ಹೊರಲು ಸ್ಕೂಟರ್ ಬೇಕು, ಹೊರುವ ಸೊಂಟವೂ ಬೇಕು. ಮನೆಗೆ ತಂದುಕೊಡುವವರು ಬೇರೆ ದರ ಹೇಳುತ್ತಾರೆ. ಕುಡಿಯಲು ಮಾತ್ರವಲ್ಲ, ಅನ್ನ ಸಾರಿಗೂ ಈ ನೀರನ್ನೇ ಬಳಸಬೇಕು. ಉಳಿದ ಕೆಲಸಕ್ಕೆ ಬೋರ್ ನೀರು. ಅದು ಗಡಸು, ಸಾಬೂನು ನೊರೆ ಬರುವುದಿಲ್ಲ, ಗೀಸರ್ ಕೊಳವೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ತಿಂಗಳ ಸಾಬೂನಿನ ಲೆಕ್ಕ ಊರಿನಲ್ಲಿದ್ದಂತೆ ಇರುವುದಿಲ್ಲ.

ಅಡುಗೆ ಮನೆ

ಇಲ್ಲಿ ಖರ್ಚು ಏರುವುದು ಇಳಿಯುವುದು ನಾಲಿಗೆಯ ಮೇಲೆ ನಿಂತಿದೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಬಂಗುಡೆ ಇಲ್ಲದೆ ಊಟ ಸೇರದು ಎನ್ನುವವರಿಗೆ ಎಲ್ಲವೂ ದುಬಾರಿ. ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಸೋನಾಮಸೂರಿಯಂತಹ ಬೆಳ್ತಿಗೆ ಅಕ್ಕಿ. ಕುಚ್ಚಲಕ್ಕಿಯ ಮೂಟೆಯನ್ನು ಊರಿನಿಂದಲೇ ಒಯ್ಯುವವರು ಇದ್ದಾರೆ. ಸಮುದ್ರದ ಮೀನು ಮಂಜುಗಡ್ಡೆಯಲ್ಲಿ ಬಂದು ಮುಟ್ಟುವಷ್ಟರಲ್ಲಿ ಬೆಲೆ ಏರಿ ರುಚಿ ಇಳಿದಿರುತ್ತದೆ. ಜೂನ್ ಜುಲೈ ತಿಂಗಳ 61 ದಿನ ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವಾಗ ಅದೂ ಅಪರೂಪ. ಕೆರೆಯ ಕಟ್ಲಾ, ರೋಹು ಸಿಗುತ್ತದೆ, ಅಗ್ಗವೂ ಹೌದು. ಕರಾವಳಿಯವರು ಮೂಗು ಮುರಿಯುತ್ತಾರೆ, ಆಮೇಲೆ ಅಭ್ಯಾಸ ಮಾಡಿಕೊಳ್ಳುತ್ತಾರೆ. ಒಣಮೀನು ಒಯ್ಯುವುದಾದರೆ ಮನೆ ಮಾಲೀಕರ ಸ್ವಭಾವ ನೋಡಿಕೊಂಡು ಒಯ್ಯಿರಿ.

ಈರುಳ್ಳಿ, ಶೇಂಗಾ, ಸೊಪ್ಪು, ತರಕಾರಿಗಳು ಸಂತೆಯ ದಿನ ಕರಾವಳಿಗಿಂತ ಹಗುರ ಬೆಲೆಗೆ ಸಿಗುತ್ತವೆ. ಚಿತ್ರದುರ್ಗ ರಾಜ್ಯದ ಪ್ರಮುಖ ಈರುಳ್ಳಿ ಜಿಲ್ಲೆ. ಸಂತೆಯಲ್ಲಿ ವಾರಕ್ಕಾಗುವಷ್ಟು ಒಮ್ಮೆಲೇ ತರುವ ಅಭ್ಯಾಸ ನಮಗೆ ಕಡಿಮೆ, ಅದನ್ನು ಕಲಿತರೆ ಉಳಿತಾಯ ಖಂಡಿತ. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ತೆಂಗು ಇದೆ. ಆದರೆ ಹಿತ್ತಿಲಿನಿಂದ ಕೊಯ್ಯುತ್ತಿದ್ದ ಕಾಯಿಯನ್ನು ದುಡ್ಡು ಕೊಟ್ಟು ತರುವಾಗ, ಅದೂ 2025ರಂತೆ ಬೆಲೆ ಗಗನಕ್ಕೇರಿದ ವರ್ಷದಲ್ಲಿ, ಗೃಹಿಣಿಯರ ಕೈ ತಾನಾಗಿ ಬಿಗಿಯಾಗುತ್ತದೆ. ಅಂದಹಾಗೆ ಅಲ್ಲಿ ಸೀಯಾಳ ಎಂದು ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ, ಎಳನೀರು ಎನ್ನಬೇಕು.

ರಾಗಿ ಬಡವರ ಊಟ, ಅಗ್ಗ ಎಂಬುದು ಹಳೆಯ ಮಾತು. 2025-26ನೇ ಸಾಲಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ. ಭತ್ತ ಅಕ್ಕಿಯಾಗುವಾಗ ತೂಕ ಇಳಿಯುವುದನ್ನು ಹಿಡಿದರೂ ರಾಗಿಯೇ ಮೇಲೆ. ಮುದ್ದೆ ಕಲಿಯಿರಿ, ಆರೋಗ್ಯಕ್ಕೆ ಒಳ್ಳೆಯದು. ಹಣ ಉಳಿಯುತ್ತದೆಂದು ಕಲಿಯಬೇಡಿ.

ಪಡಿತರ ಚೀಟಿ ಇದ್ದವರು ಊರು ಬದಲಾಯಿತೆಂದು ಅದನ್ನು ಬಿಟ್ಟುಬಿಡಬೇಕಾಗಿಲ್ಲ, ಬೆರಳಚ್ಚು ಕೊಟ್ಟು ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯುವ ವ್ಯವಸ್ಥೆ ಇದೆ. ಗ್ಯಾಸ್ ಸಿಲಿಂಡರನ್ನು ಊರಿನ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆ ಚೀಟಿ ಪಡೆದುಕೊಂಡು ಹೋಗಿ.

ಕರೆಂಟು, ಬಸ್ಸು

ಕರಾವಳಿಯಲ್ಲಿ ಮೆಸ್ಕಾಂ, ಚಿತ್ರದುರ್ಗ ಜಿಲ್ಲೆಯಲ್ಲಿ ಬೆಸ್ಕಾಂ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಲಾಭವನ್ನು ಹೊಸ ಮನೆಯಲ್ಲಿ ಪಡೆಯಬೇಕಾದರೆ ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ ಆಧಾರ್ ಬಿಡಿಸಿ ಹೊಸ ಮನೆಯದಕ್ಕೆ ಜೋಡಿಸಬೇಕು. ಊರಿನ ಮನೆಯಲ್ಲಿ ಅಪ್ಪ ಅಮ್ಮ ಇದ್ದು ಮೀಟರ್ ನಿಮ್ಮ ಆಧಾರಿಗೆ ಜೋಡಿಸಿದ್ದರೆ, ಬಿಡಿಸುವ ಮುನ್ನ ಅವರ ಆಧಾರಿಗೆ ಬದಲಾಯಿಸಿಕೊಳ್ಳಿ. ಇನ್ನೊಂದು ತಿಳಿದಿರಲಿ: ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆ, ಹೊಸ ಬಾಡಿಗೆದಾರರಿಗೆ ಆಗ ನಿಗದಿ ಮಾಡಿದ್ದು ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ. 10, ಅಂದರೆ 58 ಯೂನಿಟ್. ಸಂಪಿನಿಂದ ನೀರೆತ್ತುವ ಮೋಟಾರು, ಗೀಸರು, ಮಾರ್ಚ್ ಏಪ್ರಿಲ್ ಬಿಸಿಲಿಗೆ ಫ್ಯಾನು ಇವಕ್ಕೆ ಅದು ಸಾಲದು.

ಬದಲಿಗೆ ಅಲ್ಲಿ ಬೆವರು ಕಡಿಮೆ, ರಾತ್ರಿ ತಂಪು. ಒಗೆದ ಬಟ್ಟೆ ಗಂಟೆಯೊಳಗೆ ಒಣಗುತ್ತದೆ, ಮಳೆಗಾಲದ ಬೂಷ್ಟಿನ ಕಾಟವಿಲ್ಲ. ಇದೂ ಉಳಿತಾಯವೇ.

2023ರಿಂದ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ. ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೂ ಓಡುತ್ತವೆ. ಹೊಳಲ್ಕೆರೆಯಲ್ಲಿ ಮನೆ ಮಾಡಿ ಚಿತ್ರದುರ್ಗದಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ, ಶಾಲೆಯ ಹೊತ್ತಿಗೆ ಸರಿಯಾಗಿ ಬರುವುದು ಯಾವ ಬಸ್ಸು ಎಂದು ಮೊದಲು ನೋಡಿ.

ಊರಿಗೆ ಹೋಗಿಬರುವ ಖರ್ಚು

ಎಲ್ಲಕ್ಕಿಂತ ದೊಡ್ಡದಾದ, ಯಾರೂ ಬಜೆಟ್‌ನಲ್ಲಿ ಬರೆಯದ ಖರ್ಚು ಇದು. ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಹೊಳಲ್ಕೆರೆ ಮಾರ್ಗವಾಗಿ ಚಿತ್ರದುರ್ಗಕ್ಕೆ ಸುಮಾರು 300 ಕಿ.ಮೀ. ಹೋಗಿಬರಲು 600. ರೈಲು ಹಿಡಿಯುವುದಾದರೆ ಹಾಸನ, ಅರಸೀಕೆರೆಯ ಸುತ್ತು. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿತ, ವಾಹನ ನಿರ್ಬಂಧ ಸಾಮಾನ್ಯವಾದ್ದರಿಂದ ಆಗ ಇನ್ನೂ ಸುತ್ತು ಬಳಸಬೇಕಾದೀತು.

ಕ್ರಿಸ್ಮಸ್‌ಗೆ ಬರಬೇಕು, ಪಾಸ್ಕಕ್ಕೆ ಬರಬೇಕು, ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊಸ ಅಕ್ಕಿ ಊಟಕ್ಕೆ ಮನೆಯವರೆಲ್ಲ ಸೇರಬೇಕು, ಊರ ಚರ್ಚಿನ ವಾರ್ಷಿಕ ಹಬ್ಬ ಇದೆ. ಇವು ನಾಲ್ಕು. ಮೇ ತಿಂಗಳಲ್ಲಿ ರೋಸ್ ಮದುವೆಗಳು, ವರ್ಷದಲ್ಲಿ ಒಂದಾದರೂ ಮರಣ. ಆರು ಬಾರಿ ಎಂದರೆ 3,600 ಕಿ.ಮೀ. ಸಣ್ಣ ಕಾರು ಲೀಟರಿಗೆ 15 ಕಿ.ಮೀ. ಓಡಿದರೆ 240 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ 24,000 ರೂಪಾಯಿ, ತಿಂಗಳಿಗೆ 2,000. ಇದರಲ್ಲಿ ಉಡುಗೊರೆ, ಮುಯ್ಯಿ, ದಾರಿಯ ಊಟ, ಗೇರ್ ಬಾಕ್ಸ್ ಸವೆತ ಸೇರಿಲ್ಲ. ಮರಣದ ಸುದ್ದಿ ಬಂದಾಗ ಬಸ್ಸಿಗೆ ಕಾಯಲಾಗದೆ ಟ್ಯಾಕ್ಸಿ ಹಿಡಿದ ದಿನದ ಖರ್ಚೂ ಸೇರಿಲ್ಲ.

ಹಬ್ಬ ಕಡಿಮೆ ಮಾಡಿ ಎಂದು ಹೇಳಲು ನಮಗೆ ಮನಸ್ಸಿಲ್ಲ. ವಯಸ್ಸಾದ ತಂದೆ ತಾಯಿ ದಾರಿ ನೋಡುತ್ತಿರುತ್ತಾರೆ. ಆದರೆ ಮೊದಲ ದಿನವೇ ಈ 2,000 ರೂಪಾಯಿಯನ್ನು ಬೇರೆ ತೆಗೆದಿಟ್ಟರೆ ಡಿಸೆಂಬರ್‌ನಲ್ಲಿ ಸೊಸೈಟಿ ಸಾಲ ಮಾಡಬೇಕಾಗುವುದಿಲ್ಲ.

ಕಾಯಿಲೆಯ ಲೆಕ್ಕವೂ ದಾರಿಯ ಲೆಕ್ಕವೇ. ಕರಾವಳಿಯವರಿಗೆ ದೊಡ್ಡ ಆಸ್ಪತ್ರೆ ಗಂಟೆಯ ದಾರಿಯಲ್ಲಿರುವುದು ಅಭ್ಯಾಸ. ದುರ್ಗದಲ್ಲಿ ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜು ಇವೆ. ಅದಕ್ಕೂ ಮೀರಿದ್ದಾದರೆ 60 ಕಿ.ಮೀ. ದೂರದ ದಾವಣಗೆರೆ ಅಥವಾ ಬೆಂಗಳೂರು. ಹೊಸದುರ್ಗದಲ್ಲಿ ಇರುವವರಿಗೆ ಚಿತ್ರದುರ್ಗವೇ 60 ಕಿ.ಮೀ. ಡಯಾಲಿಸಿಸ್, ಕಿಮೊ ಚಿಕಿತ್ಸೆ ಪಡೆಯುವವರು ಮನೆಯಲ್ಲಿದ್ದರೆ ಊರು ಆರಿಸುವಾಗ ಬಾಡಿಗೆಯನ್ನು ಪಕ್ಕಕ್ಕಿಡಿ.

ಕೈತಪ್ಪುವ ಆದಾಯ, ಎರಡನೆಯ ಒಲೆ

ಖರ್ಚಿನ ಪಟ್ಟಿಯಲ್ಲಿ ಬರೆಯದಿದ್ದರೂ ಆದಾಯ ಕಡಿಮೆಯಾಗುವುದೂ ಖರ್ಚೇ. ಹಳ್ಳಿಯ ಮನೆಯಲ್ಲಿ ಹೆಂಡತಿ ಬೀಡಿ ಕಟ್ಟಿ, ದನ ಸಾಕಿ ಡೈರಿಗೆ ಹಾಲು ಹಾಕಿ, ನಾಲ್ಕು ಅಡಿಕೆ ಮಾರಿ ತಂದ ದುಡ್ಡಿನಲ್ಲಿ ಮಕ್ಕಳ ಫೀಸು, ಚಿಟ್ ಫಂಡು ನಡೆಯುತ್ತಿತ್ತು. ಹೊಸ ಊರಿನಲ್ಲಿ ಬೀಡಿ ಬ್ರಾಂಚ್ ಹತ್ತಿರದಲ್ಲಿ ಸಿಗುವ ಭರವಸೆಯಿಲ್ಲ, ಬಾಡಿಗೆ ಮನೆಯಲ್ಲಿ ದನ ಕಟ್ಟಲಾಗದು. ಗಂಡನ ಸಂಬಳ ಎರಡು ಸಾವಿರ ಹೆಚ್ಚಾಯಿತೆಂದು ಹೊರಟ ಮನೆಯ ಒಟ್ಟು ಆದಾಯ ನಿಜವಾಗಿ ಇಳಿದಿರುತ್ತದೆ. ಹೆಂಡತಿ ಸುಮ್ಮನಿರುತ್ತಾಳೆ, ಏಕೆಂದರೆ ಆ ದುಡ್ಡನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಕ್ಕಳು ದೊಡ್ಡವರಾದಾಗ ಇನ್ನೊಂದು ಸಮಸ್ಯೆ. ಪಿಯುಸಿಗೆ ಕರಾವಳಿಯ ಕಾಲೇಜೇ ಆಗಬೇಕೆಂದು ಮಗಳನ್ನು ಹಾಸ್ಟೆಲಿನಲ್ಲೋ ಅಜ್ಜಿ ಮನೆಯಲ್ಲೋ ಬಿಡುತ್ತಾರೆ. ಕೆಲವು ತಾಯಂದಿರು ಮಕ್ಕಳೊಡನೆ ಊರಿನಲ್ಲೇ ಉಳಿದು, ಗಂಡ ಒಬ್ಬನೇ ದುರ್ಗದಲ್ಲಿ ಕೋಣೆ ಹಿಡಿಯುತ್ತಾನೆ. ಒಂದು ಸಂಸಾರ, ಎರಡು ಒಲೆ. ಎರಡು ಬಾಡಿಗೆ ಅಥವಾ ಒಂದು ಬಾಡಿಗೆ ಒಂದು ಹಾಸ್ಟೆಲ್ ಫೀಸು, ವಾರಾಂತ್ಯದ ಬಸ್ಸು, ಹೋಟೆಲ್ ಊಟ. ಸಣ್ಣ ಸಂಬಳದಲ್ಲಿ ಇದು ನಡೆಯುವುದಿಲ್ಲ, ನಡೆದರೂ ಬೇರೆ ರೀತಿಯ ಬೆಲೆ ತೆರಬೇಕಾಗುತ್ತದೆ. ಕುಟುಂಬ ಆಯೋಗದಲ್ಲಿ ಕೆಲಸ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನೇಮಕ ಮಾಡುವವರಿಗೆ

ಅನುದಾನರಹಿತ ಶಾಲೆ, ಆಸ್ಪತ್ರೆ, ಸೇವಾಸಂಸ್ಥೆಗಳ ಸಿಬ್ಬಂದಿಗೆ ಸರಕಾರಿ ದರ್ಜೆಯ ಭತ್ಯೆ ಅನ್ವಯಿಸುವುದಿಲ್ಲ. "ಅದು ಅಗ್ಗದ ಊರು, ಇಷ್ಟು ಸಂಬಳ ಸಾಕು" ಎಂದು ಆಡಳಿತ ಮಂಡಳಿ ತೀರ್ಮಾನಿಸುವುದು ಸುಲಭ. ಒಬ್ಬ ಶಿಕ್ಷಕಿಗೆ ಬಾಡಿಗೆಯಲ್ಲಿ 3,000 ರೂಪಾಯಿ ಉಳಿಯಿತೆಂದೇ ಇಟ್ಟುಕೊಳ್ಳೋಣ. ಊರಿಗೆ ಓಡಾಟ 2,000, ಕುಡಿಯುವ ನೀರು 150, ಬೇಸಿಗೆಯ ಟ್ಯಾಂಕರ್, ಕೊಂಡ ತೆಂಗಿನಕಾಯಿ, ಗೀಸರಿನ ಕರೆಂಟು ಸೇರಿದರೆ ಉಳಿದದ್ದು ಅಲ್ಲಿಗೆ ಸಮವಾಗುತ್ತದೆ. ಸಂಪಿರುವ ವಸತಿ ಕೊಟ್ಟು ವರ್ಷಕ್ಕೆ ಎರಡು ಬಾರಿ ಊರಿಗೆ ಹೋಗಿಬರುವ ಪ್ರಯಾಣ ವೆಚ್ಚ ಕೊಟ್ಟರೆ, ಸಂಬಳದಲ್ಲಿ ಸಾವಿರ ಏರಿಸುವುದಕ್ಕಿಂತ ಅದು ಹೆಚ್ಚು ಉಪಕಾರ. ನಮ್ಮಲ್ಲಿ ಶಿಕ್ಷಕರು ವರ್ಷ ತುಂಬುವ ಮೊದಲೇ ಬಿಟ್ಟುಹೋಗುತ್ತಾರೆ ಎಂದು ದೂರುವ ಸಂಸ್ಥೆಗಳು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬಹುದು.

ಹೊರಡುವವರಿಗೆ ಕೊನೆಯದಾಗಿ ಎರಡು ಸೂಚನೆ. ಮನೆ ನೋಡಲು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಹೋಗಿ, ಅಕ್ಟೋಬರ್‌ನಲ್ಲಿ ಹೋದರೆ ಎಲ್ಲ ಮನೆಯಲ್ಲೂ ನೀರಿರುತ್ತದೆ. ಅಡುಗೆ ಮನೆಯ ನಲ್ಲಿ ತಿರುಗಿಸಿ ನೋಡಿ, ಪಕ್ಕದ ಮನೆಯಾಕೆಯನ್ನು ಅಕ್ಕಾ ಎಂದು ಕರೆದು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಿ, ಮಾಲೀಕರಿಗಿಂತ ಸರಿಯಾದ ಉತ್ತರ ಅವರಲ್ಲಿ ಸಿಗುತ್ತದೆ. ಎರಡನೆಯದು, ಚಿತ್ರದುರ್ಗ ಜಿಲ್ಲೆ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಮಕ್ಕಳ ಪ್ರಥಮ ಪರಮಪ್ರಸಾದ, ಮದುವೆ ಮುಂತಾದವುಗಳಿಗೆ ಅಲ್ಲಿನ ಧರ್ಮಗುರುಗಳು ಮೂಲ ಧರ್ಮಕೇಂದ್ರದ ಪತ್ರ, ಜ್ಞಾನಸ್ನಾನದ ಪ್ರತಿ ಕೇಳುತ್ತಾರೆ. ಸಾಮಾನು ಕಟ್ಟುವಾಗಲೇ ಅವನ್ನು ಪಡೆದು ಶಾಲೆಯ ಟಿ.ಸಿ.ಯೊಂದಿಗೆ ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ. ಮರೆತು ಹೋದರೆ ಅದಕ್ಕೂ 600 ಕಿ.ಮೀ.